ಗೋದಾಮುಗಳು ಎಷ್ಟಿರಬೇಕು?

ಸರಕನ್ನು ಕೂಡಿಡಲು ಎರಡು ಕಾರಣಗಳಿವೆ. ಜೋಳದ ಸುಗ್ಗಿ ವರ್ಷಕ್ಕೊಮ್ಮೆ ಬರುತ್ತದೆ, ರೊಟ್ಟಿ ದಿನವೂ ಬೇಕು. ಈ ನಡುವಿನ ತಿಂಗಳುಗಳನ್ನು ದಾಟಲು ಉತ್ತರ ಕರ್ನಾಟಕದ ರೈತರು ನೆಲದೊಳಗೆ ಹಗೇವು ತೋಡಿದರು. ಅದೇ ಉದ್ದೇಶಕ್ಕೆ 1957ರಲ್ಲಿ ಅಂದಿನ ಮೈಸೂರು ರಾಜ್ಯದಲ್ಲಿ ಉಗ್ರಾಣ ನಿಗಮ ಹುಟ್ಟಿತು. ಇಲ್ಲಿ ಎಷ್ಟು ಕೂಡಿಡಬೇಕೆಂಬುದು ಬಹುಮಟ್ಟಿಗೆ ಮೊದಲೇ ಗೊತ್ತಿರುತ್ತದೆ: ಮನೆಯಲ್ಲಿ ಉಣ್ಣುವವರೆಷ್ಟು, ಮುಂದಿನ ಸುಗ್ಗಿಗೆ ತಿಂಗಳೆಷ್ಟು ಎಂದು ಎಣಿಸಿದರೆ ಆಯಿತು. ಎರಡನೆಯ ಕಾರಣ ಇಷ್ಟು ಸಲೀಸಾಗಿಲ್ಲ. ನಾಳೆ ಯಾವ ಊರಿನಲ್ಲಿ ಯಾವ ಸರಕಿಗೆ ಎಷ್ಟು ಗಿರಾಕಿಗಳು ಬರುತ್ತಾರೆಂದು ಯಾರಿಗೂ ತಿಳಿಯದು. ತಿಳಿಯದ್ದಕ್ಕಾಗಿ ಸ್ವಲ್ಪ ಹೆಚ್ಚು ಸರಕು ಇಟ್ಟುಕೊಳ್ಳುತ್ತೇವೆ. ಇದನ್ನು ಕಾಪು ದಾಸ್ತಾನು ಎನ್ನೋಣ. ಇಂದಿನ ಪೂರೈಕೆ ಸರಪಳಿಯಲ್ಲಿ ಗೋದಾಮು ನಡೆಸುವವರ ತಲೆನೋವಿನ ದೊಡ್ಡ ಪಾಲು ಈ ಕಾಪು ದಾಸ್ತಾನಿನದೇ. ಈ ಅಧ್ಯಾಯವೂ ಅದರ ಬಗೆಗೇ.

ಹೊಸಬರು ಎಡವುವ ಜಾಗವೂ ಇಲ್ಲೇ ಇದೆ. ಊರೂರಿಗೆ ಗೋದಾಮಿದ್ದರೆ ಸರಕಿಗೆ ಕೊರತೆ ಬಾರದು ಎಂಬುದು ನಮ್ಮೆಲ್ಲರ ಸಹಜ ನಂಬಿಕೆ. ಇದ್ದಷ್ಟೇ ಸರಕನ್ನು ಹೆಚ್ಚು ಜಾಗಗಳಿಗೆ ಹಂಚಿದಷ್ಟೂ ಕೊರತೆ ಹೆಚ್ಚುತ್ತದೆ ಎಂದರೆ ಕೇಳಿದವರು ಮೊದಲು ಒಪ್ಪುವುದಿಲ್ಲ. ನಮ್ಮ ದೇಶದಲ್ಲಂತೂ ಆ ನಂಬಿಕೆಗೆ ತೆರಿಗೆಯ ಒತ್ತಾಸೆಯೂ ಇತ್ತು. 1956ರ ಕೇಂದ್ರ ಮಾರಾಟ ತೆರಿಗೆ ಕಾಯ್ದೆಯಂತೆ, ಒಂದು ರಾಜ್ಯದಿಂದ ಇನ್ನೊಂದು ರಾಜ್ಯದ ವ್ಯಾಪಾರಿಗೆ ಸರಕು ಮಾರಿದರೆ ತೆರಿಗೆ ಬೀಳುತ್ತಿತ್ತು. 2008ರಲ್ಲಿ ಅದು ‘ಸಿ ಫಾರಂ’ ಕೊಟ್ಟ ವ್ಯಾಪಾರಿಗೆ ಶೇ. 2ಕ್ಕೆ ಇಳಿಯಿತಾದರೂ, ಕೊಂಡವನು ಅದನ್ನು ತಾನು ಕಟ್ಟಬೇಕಾದ ವ್ಯಾಟ್‌ನಲ್ಲಿ ವಜಾ ಮಾಡಿಕೊಳ್ಳುವಂತಿರಲಿಲ್ಲ. ಆದರೆ ಕಂಪನಿ ತನ್ನ ಸರಕನ್ನು ಮಾರದೆ, ಬೇರೆ ರಾಜ್ಯದಲ್ಲಿರುವ ತನ್ನದೇ ಡಿಪೋಗೆ ‘ಎಫ್ ಫಾರಂ’ ಮೇಲೆ ಸಾಗಿಸಿದರೆ ಆ ತೆರಿಗೆ ಇಲ್ಲ. ಪರಿಣಾಮವನ್ನು ಹೊಸೂರಿನ ರಸ್ತೆಯಲ್ಲಿ ನಿಂತು ನೋಡಬಹುದಿತ್ತು. ಹೊಸೂರು ತಮಿಳುನಾಡಿನಲ್ಲಿದೆ, ಬೆಂಗಳೂರು ಅಲ್ಲಿಂದ ಸುಮಾರು 40 ಕಿ.ಮೀ. ಅಲ್ಲಿನ ಕಾರ್ಖಾನೆಯ ಸರಕು ನೇರವಾಗಿ ಬೆಂಗಳೂರಿನ ಅಂಗಡಿಗೆ ಹೋಗುವ ಬದಲು ಮೊದಲು ಕಂಪನಿಯ ಬೆಂಗಳೂರು ಡಿಪೋಗೆ ಬರಬೇಕು. ಅಲ್ಲಿ ಹಮಾಲರು ಪೆಟ್ಟಿಗೆ ಇಳಿಸಿ ಜೋಡಿಸಬೇಕು. ಕರ್ನಾಟಕದ ಬಿಲ್ಲು ಹರಿದ ಮೇಲೆ ಮತ್ತೆ ಲೋಡು ಮಾಡಬೇಕು. ಹೀಗೆ ದೊಡ್ಡ ಕಂಪನಿಗಳು ರಾಜ್ಯಕ್ಕೊಂದರಂತೆ ಡಿಪೋ ಇಟ್ಟುಕೊಂಡವು. ಗಿರಾಕಿ ಎಲ್ಲಿದ್ದಾನೆ, ರಸ್ತೆ ಹೇಗಿದೆ ಎಂಬುದನ್ನು ನೋಡಿ ತೀರ್ಮಾನವಾಗಬೇಕಿದ್ದ ಗೋದಾಮುಗಳ ಸಂಖ್ಯೆಯನ್ನು ರಾಜ್ಯಗಳ ಸಂಖ್ಯೆ ತೀರ್ಮಾನಿಸಿತು.

2017ರ ಜುಲೈ 1ರಂದು ಜಿಎಸ್‌ಟಿ ಬಂದು ಈ ಲೆಕ್ಕ ಮುರಿಯಿತು. ಹೊರರಾಜ್ಯದಿಂದ ಕೊಂಡರೂ ಕಟ್ಟಿದ ತೆರಿಗೆ ಜಮೆಯಾಗಿ ವಾಪಸು ಬರುವಂತಾಯಿತು, ಗಡಿಯ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟ್‌ಗಳು ಹೋದವು, 2018ರ ಏಪ್ರಿಲ್ 1ರಿಂದ ಅಂತರರಾಜ್ಯ ಸಾಗಣೆಗೆ ಇ-ವೇ ಬಿಲ್ಲು ಬಂತು. ರಾಜ್ಯಕ್ಕೊಂದು ಡಿಪೋ ಇಡಲು ತೆರಿಗೆಯ ನೆಪ ಉಳಿಯಲಿಲ್ಲ. ಕಂಪನಿಗಳು ಸಣ್ಣ ಡಿಪೋಗಳನ್ನು ಮುಚ್ಚಿ, ಹೆದ್ದಾರಿಗಳು ಕೂಡುವ ಜಾಗಗಳಲ್ಲಿ ದೊಡ್ಡ ಗೋದಾಮುಗಳನ್ನು ಹಿಡಿಯತೊಡಗಿದವು. ಹೊಸಕೋಟೆ, ನೆಲಮಂಗಲ, ದಾಬಸ್‌ಪೇಟೆಗಳ ಅಕ್ಕಪಕ್ಕದಲ್ಲಿ ಎದ್ದಿರುವ ಉದ್ದುದ್ದ ತಗಡಿನ ಕಟ್ಟಡಗಳ ಹಿಂದೆ ಈ ಕಥೆಯೂ ಇದೆ. ಬಾಡಿಗೆ ಉಳಿಯುತ್ತದೆ, ಗುಮಾಸ್ತರ ಸಂಬಳ ಉಳಿಯುತ್ತದೆ ಎಂದು ಇದಕ್ಕೆ ಸಾಮಾನ್ಯವಾಗಿ ಕಾರಣ ಕೊಡುತ್ತಾರೆ. ಅದು ನಿಜವೇ. ಆದರೆ ಅದಕ್ಕಿಂತ ಸೊಗಸಾದ ಕಾರಣವೊಂದಿದೆ. ಅದನ್ನು ನಿಧಾನವಾಗಿ ನೋಡಬೇಕು.

ಎರಡು ಅಂಗಡಿಗಳಿವೆ ಎಂದಿಟ್ಟುಕೊಳ್ಳಿ. ಪ್ರತಿ ಅಂಗಡಿಯಲ್ಲೂ ಒಂದು ದಿನಕ್ಕೆ ಎಷ್ಟು ಕುಕ್ಕರ್ ಮಾರಾಟವಾಗುತ್ತದೆಂಬುದನ್ನು ಲೂಡೊ ಆಟದ ದಾಳ ಹೇಳುತ್ತದೆ: ಒಂದರಿಂದ ಆರರವರೆಗೆ ಯಾವುದೂ ಬೀಳಬಹುದು. ನಮ್ಮ ಬಳಿ ಇರುವುದು 10 ಕುಕ್ಕರ್. ಮೊದಲ ಏರ್ಪಾಡಿನಲ್ಲಿ ಅಂಗಡಿಗೆ 5ರಂತೆ ಹಂಚಿಬಿಡುತ್ತೇವೆ. ಎರಡು ದಾಳಗಳು 36 ಬಗೆಯಲ್ಲಿ ಬೀಳಬಹುದು. ಯಾವುದಾದರೂ ಒಂದು ದಾಳದಲ್ಲಿ 6 ಬಿದ್ದರೆ ಆ ಅಂಗಡಿಯಲ್ಲಿ ಒಬ್ಬ ಗಿರಾಕಿ ಬರಿಗೈಯಲ್ಲಿ ಹೋಗುತ್ತಾನೆ. ಅಂಥ ಬಗೆಗಳನ್ನು ಎಣಿಸಿ: 11. ಎರಡನೆಯ ಏರ್ಪಾಡಿನಲ್ಲಿ ಹತ್ತೂ ಕುಕ್ಕರ್‌ಗಳು ಒಂದೇ ಗೋದಾಮಿನಲ್ಲಿವೆ, ಯಾವ ಅಂಗಡಿ ಕೇಳಿದರೂ ಅಲ್ಲಿಂದ ಹೋಗುತ್ತವೆ. ಈಗ ಕೊರತೆ ಬೀಳಬೇಕಾದರೆ ಎರಡೂ ದಾಳಗಳ ಮೊತ್ತ 11 ಅಥವಾ 12 ಆಗಬೇಕು. ಅಂಥ ಬಗೆಗಳು ಮೂರೇ: ಐದು-ಆರು, ಆರು-ಐದು, ಆರು-ಆರು. ಸರಕು ಅಷ್ಟೇ, ಗಿರಾಕಿಗಳು ಅವರೇ. ಕೊರತೆ ಮಾತ್ರ 36ರಲ್ಲಿ 11ರಿಂದ 3ಕ್ಕೆ ಇಳಿಯಿತು. ಮೊದಲ ಏರ್ಪಾಡಿನ ಆ ಹನ್ನೊಂದು ದಿನಗಳನ್ನು ಇನ್ನೊಮ್ಮೆ ಹತ್ತಿರದಿಂದ ನೋಡಿ. ಅವುಗಳಲ್ಲಿ 8 ದಿನ ಒಂದು ಅಂಗಡಿಯಲ್ಲಿ ಆರು ಗಿರಾಕಿಗಳಿದ್ದರೆ ಇನ್ನೊಂದರಲ್ಲಿ ನಾಲ್ಕೋ ಮೂರೋ ಎರಡೋ ಒಂದೋ. ಅಂದರೆ ಗಿರಾಕಿ ಬರಿಗೈಯಲ್ಲಿ ಹೋದ ಹೊತ್ತಿಗೇ ಅವನಿಗೆ ಬೇಕಾದ ಕುಕ್ಕರ್ ಇನ್ನೊಂದು ಅಂಗಡಿಯ ಅಟ್ಟದ ಮೇಲೆ ಕೂತಿತ್ತು. ನಾವು ಕೊರತೆ ಎಂದು ಕರೆಯುವುದರಲ್ಲಿ ಬಹುಪಾಲು ಹೀಗೆ ಸರಕು ತಪ್ಪು ಜಾಗದಲ್ಲಿ ಕುಳಿತದ್ದರ ಫಲ. ಇಡೀ ವಿತರಣಾ ಶಾಸ್ತ್ರದಲ್ಲಿ ಇಷ್ಟು ಸರಳವಾಗಿ, ಇಷ್ಟು ಖಚಿತವಾಗಿ ತೋರಿಸಬಹುದಾದ ಸತ್ಯ ಇನ್ನೊಂದಿಲ್ಲ.

ದಾಳದ ಆಟವನ್ನು ದೊಡ್ಡದು ಮಾಡಿದರೆ ನಿಜವಾದ ಗೋದಾಮಿನ ಲೆಕ್ಕ ಸಿಗುತ್ತದೆ. ಬೆಂಗಳೂರು, ಚೆನ್ನೈ, ಹೈದರಾಬಾದ್, ಕೊಚ್ಚಿಗಳಲ್ಲಿ ಒಂದೊಂದು ಡಿಪೋ. ಪ್ರತಿಯೊಂದರಲ್ಲೂ ವಾರಕ್ಕೆ ಸರಾಸರಿ 100 ಪಂಪ್‌ಸೆಟ್ ಹೋಗುತ್ತವೆ, ವಾರದಿಂದ ವಾರಕ್ಕೆ ಸಾಮಾನ್ಯ ಏರಿಳಿತ 30. ಇವು ಉದಾಹರಣೆಗೆ ಹಿಡಿದ ಸಂಖ್ಯೆಗಳು. ಏರಿಳಿತದ ಎರಡರಷ್ಟನ್ನು ಕಾಪಿಗೆ ಇಡುವುದು ವಾಡಿಕೆ ಎಂದುಕೊಂಡರೆ ಡಿಪೋಗೆ 60, ನಾಲ್ಕಕ್ಕೆ 240. ನಾಲ್ಕನ್ನೂ ಒಂದುಗೂಡಿಸಿದರೆ ಸರಾಸರಿ ಬೇಡಿಕೆ ನಾಲ್ಕರಷ್ಟಾಗಿ 400 ಆಗುತ್ತದೆ, ಆದರೆ ಏರಿಳಿತ ಎರಡರಷ್ಟಾಗಿ 60 ಮಾತ್ರ ಆಗುತ್ತದೆ, ಏಕೆಂದರೆ ಒಂದು ಊರಿನ ಏರು ಇನ್ನೊಂದು ಊರಿನ ಇಳಿತದಲ್ಲಿ ಕರಗುತ್ತದೆ. ಕಾಪು ದಾಸ್ತಾನು 120 ಸಾಕು. ನಾಲ್ಕರ ವರ್ಗಮೂಲ ಎರಡು. ಹಾಗಾಗಿ ಅರ್ಧ ಉಳಿಯಿತು. ಡೇವಿಡ್ ಮೈಸ್ಟರ್ 1976ರಲ್ಲಿ ಪ್ರಕಟಿಸಿದ ಲೇಖನದ ನಂತರ ಇದು ವರ್ಗಮೂಲದ ನಿಯಮವೆಂದೇ ಹೆಸರಾಗಿದೆ. ಇಲ್ಲೊಂದು ಎಚ್ಚರಿಕೆ: ಉಳಿಯುವುದು ಕಾಪು ದಾಸ್ತಾನು ಮಾತ್ರ. ಸರಾಸರಿ ಬೇಡಿಕೆಯ 400 ಪಂಪ್‌ಸೆಟ್‌ಗಳು ಹೇಗಿದ್ದರೂ ಬೇಕೇ ಬೇಕು. ಗೋದಾಮುಗಳನ್ನು ಒಂದುಗೂಡಿಸಿದರೆ ಎಲ್ಲ ದಾಸ್ತಾನೂ ಅರ್ಧವಾಗುತ್ತದೆ ಎಂದು ಹೇಳುವವರು ಈ ಎರಡನ್ನು ಬೆರೆಸಿಬಿಟ್ಟಿರುತ್ತಾರೆ.

ಎರಡು ದಾಳಗಳು ತಂತಮ್ಮ ಪಾಡಿಗೆ ಬೀಳಬೇಕೆಂಬುದು ಈ ಲೆಕ್ಕದ ಷರತ್ತು. ಬೇಸಿಗೆಯ ಝಳ ನಾಲ್ಕೂ ರಾಜ್ಯಗಳಿಗೆ ಒಟ್ಟಿಗೇ ತಟ್ಟಿದರೆ ಎಲ್ಲರೂ ಒಮ್ಮೆಲೇ ಫ್ಯಾನು ಕೇಳುತ್ತಾರೆ, ಆಗ ಒಂದುಗೂಡಿಸಿ ಲಾಭವಿಲ್ಲ. ಈ ದೃಷ್ಟಿಯಿಂದ ದಕ್ಷಿಣ ಭಾರತದ ಹಬ್ಬಗಳ ಪಟ್ಟಿ ನೋಡುವುದೇ ಒಂದು ಸಂತೋಷ. ಹೊಸ ಬಟ್ಟೆಯ ವ್ಯಾಪಾರ ಕೇರಳದಲ್ಲಿ ಓಣಂಗೆ ಏರಿದರೆ ತಮಿಳುನಾಡಿನಲ್ಲಿ ದೀಪಾವಳಿಗೂ ಪೊಂಗಲಿಗೂ ಏರುತ್ತದೆ. ಯುಗಾದಿ ಕರ್ನಾಟಕ, ಆಂಧ್ರ, ತೆಲಂಗಾಣಗಳಿಗೆ ಒಂದೇ ದಿನ, ಕೇರಳದ ವಿಷು ಏಪ್ರಿಲ್ ನಡುವಿಗೆ. ಈ ಹೊಂದದ ಪಂಚಾಂಗವೇ ಹೊಸಕೋಟೆಯ ಗೋದಾಮಿಗೆ ವರ. ನಾಡಿನ ಹಬ್ಬ ಹರಿದಿನ ಗೊತ್ತಿಲ್ಲದವರು ಬರೀ ಗಣಕದ ಮುಂದೆ ಕುಳಿತು ಇದನ್ನು ಸರಿಯಾಗಿ ನಿಭಾಯಿಸಲಾರರು.

ಇದೇ ತತ್ವ ಜಾಗಕ್ಕೆ ಮಾತ್ರ ಸೀಮಿತವಲ್ಲ ಎನ್ನುವುದಕ್ಕೆ ನಿಮ್ಮ ಊರಿನ ಪೇಂಟ್ ಅಂಗಡಿ ಸಾಕ್ಷಿ. ಬಣ್ಣದ ಪುಸ್ತಕದಲ್ಲಿ ಸಾವಿರಕ್ಕೂ ಮೀರಿದ ಛಾಯೆಗಳಿರುತ್ತವೆ. ಪ್ರತಿ ಛಾಯೆಯದೂ ಡಬ್ಬಿ ಇಡಬೇಕೆಂದರೆ ಅಂಗಡಿಯವನಿಗೆ ಬೀದಿಯೇ ಸಾಲದು. ಯಾವ ಛಾಯೆಯನ್ನು ಯಾರು ಕೇಳುತ್ತಾರೋ ಅದೂ ತಿಳಿಯದು. ಅವನು ಮಾಡುವುದೇನು? ಕೆಲವೇ ಬಗೆಯ ಬೇಸ್ ಡಬ್ಬಿಗಳನ್ನು ಇಟ್ಟುಕೊಂಡು, ಗಿರಾಕಿ ಛಾಯೆ ತೋರಿಸಿದ ಮೇಲೆ ಮೆಷಿನ್ನಿನಡಿ ಮುಚ್ಚಳ ತೆರೆದಿಡುತ್ತಾನೆ. ನಾಲ್ಕು ಹನಿ ಹಳದಿ, ಎರಡು ಹನಿ ಕೆಂಪು ಬೀಳುತ್ತದೆ, ಮೆಷಿನ್ನು ಡಬ್ಬಿಯನ್ನು ಕುಲುಕುತ್ತದೆ. ಸಾವಿರ ದಾಳಗಳನ್ನು ಅವನು ಕೆಲವೇ ದಾಳಗಳಾಗಿ ಕೂಡಿಸಿಬಿಟ್ಟ! ತೀರ್ಮಾನವನ್ನು ಕೊನೆಯ ಗಳಿಗೆಯವರೆಗೆ ಮುಂದೂಡುವುದು ಆಧುನಿಕ ವಿತರಣೆಯ ದೊಡ್ಡ ಉಪಾಯಗಳಲ್ಲೊಂದು. ಅದನ್ನು ಕಲಿಯಲು ಸಿಮೆಂಟು-ಪೇಂಟು ಅಂಗಡಿಯ ಮುಂದೆ ಕಾಲು ಗಂಟೆ ನಿಂತರೆ ಸಾಕು.

ಇಷ್ಟಾದ ಮೇಲೆ ಏಳುವ ಮೊದಲ ಆಕ್ಷೇಪ ಸಾಗಣೆಯದು. ಗೋದಾಮು ದೂರವಾದರೆ ಲಾರಿ ಬಾಡಿಗೆ ಹೆಚ್ಚುವುದಿಲ್ಲವೇ? ಹೆಚ್ಚುತ್ತದೆ. ತುಂಬಿದ ಲಾರಿಯಲ್ಲಿ ಡಿಪೋಗೆ ಹೋಗುತ್ತಿದ್ದ ಸರಕು ಈಗ ಬಿಡಿ ಪೆಟ್ಟಿಗೆಗಳಾಗಿ ದೂರ ಹೋಗಬೇಕು, ಬಿಡಿ ಸಾಗಣೆ ಯಾವಾಗಲೂ ದುಬಾರಿ. ಆದ್ದರಿಂದಲೇ ದೇಶಕ್ಕೆಲ್ಲ ಒಂದೇ ಗೋದಾಮು ಸಾಕೆಂದು ಯಾರೂ ಹೇಳುವುದಿಲ್ಲ. ಬೆಂಗಳೂರಿನಿಂದ ಚೆನ್ನೈಗೆ ಸುಮಾರು 350 ಕಿ.ಮೀ., ಕೊಚ್ಚಿಗೂ ಹೈದರಾಬಾದಿಗೂ ಸುಮಾರು 550 ಕಿ.ಮೀ. ಸಂಜೆ ಹೊರಟ ಲಾರಿ ಮರುದಿನದೊಳಗೆ ಮುಟ್ಟುವಷ್ಟು ದೂರ ಇದಾದ್ದರಿಂದ ಈ ನಾಲ್ಕು ನಗರಗಳಿಗೆ ಒಂದು ಗೋದಾಮು ಒಪ್ಪುತ್ತದೆ. ಅದನ್ನೇ ಗುವಾಹಟಿಗೂ ಹಿಗ್ಗಿಸಿದರೆ ಒಪ್ಪುವುದಿಲ್ಲ. ಸಾಗಣೆಯ ಹೆಚ್ಚುವರಿ ಖರ್ಚು, ಉಳಿದ ದಾಸ್ತಾನಿನ ಬಡ್ಡಿ ಎರಡನ್ನೂ ತೂಗಿ ನೋಡಬೇಕು. ಪಂಪ್‌ಸೆಟ್ಟಿನಂಥ ಬೆಲೆಬಾಳುವ ಸರಕಿಗೆ ತೂಕ ಒಂದು ಕಡೆ ಬಿದ್ದರೆ ಉಪ್ಪಿನಂಥ ಅಗ್ಗದ, ಭಾರದ ಸರಕಿಗೆ ಇನ್ನೊಂದು ಕಡೆ ಬೀಳುತ್ತದೆ.

ಎರಡನೆಯ ಆಕ್ಷೇಪ ಹೊಸ ಕಾಲದ್ದು. ಬೆಂಗಳೂರಿನಲ್ಲಿ ಕೆಲವೇ ನಿಮಿಷಗಳಲ್ಲಿ ಹಾಲು, ಸೊಪ್ಪು ತಲುಪಿಸುವ ಬ್ಲಿಂಕಿಟ್, ಜೆಪ್ಟೊ, ಇನ್‌ಸ್ಟಾಮಾರ್ಟ್‌ಗಳು ಬಡಾವಣೆಗೊಂದು ಸಣ್ಣ ಗೋದಾಮು ತೆರೆದಿವೆಯಲ್ಲ, ವರ್ಗಮೂಲದ ನಿಯಮ ಎಲ್ಲಿ ಹೋಯಿತು? ಅದು ಅಲ್ಲೇ ಇದೆ. ಜನ ತಂತಮ್ಮ ಪಾಡಿಗೆ ಬಂದು ಕೊಳ್ಳುವ ಕಡೆ ಏರಿಳಿತವು ಹೆಚ್ಚುಕಡಿಮೆ ಸರಾಸರಿಯ ವರ್ಗಮೂಲದಷ್ಟಿರುತ್ತದೆ. ದಿನಕ್ಕೆ 400 ಪ್ಯಾಕೆಟ್ ಹೋಗುವ ಹಾಲಿನ ಏರಿಳಿತ 20ರ ಸುಮಾರು, ಅಂದರೆ ಶೇ. 5. ದಿನಕ್ಕೆ 4 ಹೋಗುವ ಸರಕಿನದು 2, ಅಂದರೆ ಶೇ. 50. ಹಾಲಿಗೆ ಗಿರಾಕಿಗಳು ಎಷ್ಟು ಮಂದಿಯೆಂದರೆ ಒಂದು ಬಡಾವಣೆಯೊಳಗೇ ಏರು ಇಳಿತಗಳು ಪರಸ್ಪರ ಕರಗಿಹೋಗುತ್ತವೆ. ಹಾಗಾಗಿ ಓಡುವ ಸರಕನ್ನು ಮನೆಯ ಹತ್ತಿರ ತರಬಹುದು, ಕುಂಟುವ ಸರಕನ್ನು ದೂರದ ದೊಡ್ಡ ಗೋದಾಮಿನಲ್ಲಿ ಕೂಡಿಸಬೇಕು. ಈ ಸಣ್ಣ ಗೋದಾಮುಗಳು ಇಡುವುದು ಬೇಗ ಖರ್ಚಾಗುವ ಆಯ್ದ ಸರಕನ್ನು. ಅವುಗಳ ಬೆನ್ನಿಗೆ ಊರಾಚೆಯ ತಾಯಿ ಗೋದಾಮು ಇದ್ದೇ ಇರುತ್ತದೆ.

ಮೂರನೆಯದು ಅತ್ಯಂತ ಗಂಭೀರವಾದ ಆಕ್ಷೇಪ. ಇರುವ ಒಂದೇ ಗೋದಾಮಿಗೆ ಬೆಂಕಿ ಬಿದ್ದರೆ, 2015ರ ಡಿಸೆಂಬರಿನಲ್ಲಿ ಚೆನ್ನೈಗೆ ನುಗ್ಗಿದಂಥ ನೆರೆ ನುಗ್ಗಿದರೆ ಗತಿ ಏನು? ವರ್ಗಮೂಲದ ನಿಯಮಕ್ಕೆ ಇದಕ್ಕೆ ಉತ್ತರವಿಲ್ಲ. ಅದು ದಿನನಿತ್ಯದ ಏರಿಳಿತದ ಲೆಕ್ಕ, ಆಪತ್ತಿನ ಲೆಕ್ಕ ಅದರ ಹೊರಗಿದೆ. ನಾಲ್ಕರಿಂದ ಎರಡಕ್ಕೆ ಇಳಿದರೂ ಕಾಪು ದಾಸ್ತಾನಿನಲ್ಲಿ ಸುಮಾರು ಶೇ. 29 ಉಳಿಯುತ್ತದೆ. ಒಂದಕ್ಕೇ ಇಳಿಯುವ ದುರಾಸೆ ಬಿಟ್ಟು ಎರಡರಲ್ಲಿ ನಿಲ್ಲುವುದು ವಿವೇಕ.

ಒಂದುಗೂಡಿಸಲೇಬಾರದ ಸರಕೂ ಇದೆ. ಹಾವಿನ ವಿಷಕ್ಕೆ ಕೊಡುವ ಮದ್ದಿನ ಬೇಡಿಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೀರಾ ವಿರಳ, ತೀರಾ ಅನಿಶ್ಚಿತ. ಲೆಕ್ಕ ಮಾತ್ರ ನೋಡಿದರೆ ಅದನ್ನು ಜಿಲ್ಲಾ ಕೇಂದ್ರದಲ್ಲಿ ಕೂಡಿಸಿಡಬೇಕು. ಆದರೆ ಗದ್ದೆಯಲ್ಲಿ ಕೊಳಕುಮಂಡಲ ಕಚ್ಚಿದವರಿಗೆ ಜಿಲ್ಲಾ ಕೇಂದ್ರ ಮುಟ್ಟುವಷ್ಟು ಹೊತ್ತಿರುವುದಿಲ್ಲ. ಜೊತೆಗೆ ಮೊದಲ ಸುತ್ತಿಗೇ 8ರಿಂದ 10 ಸೀಸೆ ಮದ್ದು ಬೇಕಾಗುತ್ತದೆ. ನ್ಯಾಯವಾಗಿ ಹಂಚುತ್ತೇವೆಂದು ಎರಡು ಕೇಂದ್ರಗಳಿಗೆ ಐದೈದು ಕೊಟ್ಟರೆ ಎರಡೂ ಕಡೆ ಚಿಕಿತ್ಸೆಗೆ ಸಾಲದು. ಯಾವ ಕೇಂದ್ರಗಳಲ್ಲಿ ಪೂರ್ತಿ ಇಡಬೇಕು, ಅವಧಿ ಮುಗಿಯುತ್ತ ಬಂದ ಸೀಸೆಗಳನ್ನು ಹೆಚ್ಚು ರೋಗಿಗಳು ಬರುವ ಆಸ್ಪತ್ರೆಗೆ ಯಾವಾಗ ಕಳಿಸಬೇಕು ಎಂಬುದನ್ನು ಊರಿನ ಅಂಕಿಅಂಶವೇ ಹೇಳಬೇಕು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿರುವುದರಿಂದ ಆ ಅಂಕಿಅಂಶ ಈಗ ಒಟ್ಟಾಗುವ ದಾರಿ ತೆರೆದಿದೆ.

ವಾಣಿಜ್ಯ, ಸಂಖ್ಯಾಶಾಸ್ತ್ರ ಕಲಿಸುವ ಅಧ್ಯಾಪಕರಲ್ಲಿ, ಕಲಿಯುತ್ತಿರುವ ಹುಡುಗ ಹುಡುಗಿಯರಲ್ಲಿ ಈ ಕೆಲಸಕ್ಕಾಗಿ ಒಂದು ಕೋರಿಕೆ. ನಿಮ್ಮ ತಾಲ್ಲೂಕಿನ ಆರೋಗ್ಯ ಕೇಂದ್ರಗಳ ಅನುಮತಿ ಪಡೆದು ಅವುಗಳ ಔಷಧ ದಾಸ್ತಾನು ಪುಸ್ತಕವನ್ನು ತೆರೆಯಿರಿ. ಯಾವ ತಿಂಗಳಲ್ಲಿ ಯಾವ ಕೇಂದ್ರದಲ್ಲಿ ಎಷ್ಟು ಸೀಸೆ ಖರ್ಚಾಯಿತು, ಎಷ್ಟು ಅವಧಿ ಮೀರಿ ಹಾಳಾಯಿತು, ಎಷ್ಟು ಸಲ ರೋಗಿಯನ್ನು ಮುಂದಿನ ಊರಿಗೆ ಕಳಿಸಬೇಕಾಯಿತು ಎಂದು ಮೂರು ವರ್ಷದ ಪಟ್ಟಿ ಮಾಡಿ. ಕೂಡುವ ಕಳೆಯುವ ಲೆಕ್ಕ, ವರ್ಗಮೂಲ ಇಷ್ಟು ಬಂದರೆ ಸಾಕು. ಆ ಪಟ್ಟಿಯನ್ನು ಮುಂಗಾರಿಗೆ ಮೊದಲು ತಾಲ್ಲೂಕು ಆರೋಗ್ಯಾಧಿಕಾರಿಯ ಕೈಗೆ ಕೊಡಿ.