ತೂಕದ ಮುಳ್ಳು ನಿಂತಾಗ

1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ಬೆಳಗಿನ ದಿನಚರಿಯನ್ನು ಬರೆದಿಟ್ಟಿದ್ದಾನೆ. ನಸುಕಿಗೂ ಮೊದಲೇ ಎದ್ದ ರಾಜ ಎಳ್ಳೆಣ್ಣೆ ಕುಡಿದು, ಅದೇ ಎಣ್ಣೆಯನ್ನು ಮೈಗೆಲ್ಲ ಹಚ್ಚಿಕೊಂಡು, ಸೊಂಟಕ್ಕೊಂದು ತುಂಡು ಬಟ್ಟೆ ಕಟ್ಟಿ, ಸುಟ್ಟ ಮಣ್ಣಿನ ದೊಡ್ಡ ಭಾರಗಳನ್ನು ಎತ್ತುತ್ತಿದ್ದ. ಆಮೇಲೆ ಮೈಯ ಎಣ್ಣೆಯೆಲ್ಲ ಬೆವರಾಗಿ ಇಳಿಯುವ ತನಕ ಕತ್ತಿವರಸೆ, ಜಟ್ಟಿಯೊಬ್ಬನ ಜೊತೆ ಕುಸ್ತಿ, ಬೆಳಕು ಹರಿಯುವವರೆಗೆ ಬಯಲಿನಲ್ಲಿ ಕುದುರೆ ಸವಾರಿ. ಇದು ದಿನಾ ನಡೆಯುತ್ತಿದ್ದ ಕ್ರಮ.

ಅದೇ ಪಾಯೆಸ್ ರಾಜನ ಮೈಕಟ್ಟನ್ನೂ ಬಣ್ಣಿಸುತ್ತಾನೆ. ಆಳು ಮಧ್ಯಮ ಎತ್ತರ, ಲಕ್ಷಣವಂತ, ಆದರೆ ತೆಳ್ಳಗಲ್ಲ, ಕೊಂಚ ದಪ್ಪವೇ.

ಅಷ್ಟು ಬೆವರು ಸುರಿಸಿಯೂ ದಪ್ಪವೇ? ಪಾಯೆಸ್ ಕೊಟ್ಟ ಎಣ್ಣೆಯ ಅಳತೆ ಈಗಿನ ಲೆಕ್ಕದಲ್ಲಿ 400 ಮಿಲಿಲೀಟರ್ ಆಸುಪಾಸು. ಅದು ನಿಜವಾದರೆ ಎಣ್ಣೆಯೊಂದೇ ಮೂರು ಸಾವಿರ ಕ್ಯಾಲೊರಿ ದಾಟುತ್ತದೆ. ಪರದೇಶದವನ ಅಳತೆಯನ್ನು ಪೂರ್ತಿ ನಂಬಬೇಕಿಲ್ಲ, ಎತ್ತಿ ಒಗೆಯುವವರ ಮೈಯಲ್ಲಿ ಸ್ನಾಯುವಿನ ತೂಕವೂ ಇರುತ್ತದೆ. ಆದರೂ ವ್ಯಾಯಾಮ ಮತ್ತು ತೂಕದ ಸಂಬಂಧ ನಾವು ಅಂದುಕೊಂಡಷ್ಟು ನೇರವಲ್ಲ.

ಹಂಪಿಯಿಂದ ಹೊಳೆಯಾಚೆಗಿನ ಅಂಜನಾದ್ರಿಗೆ 575 ಮೆಟ್ಟಿಲು. ಒಂದೊಂದಕ್ಕೆ ಅರ್ಧ ಅಡಿ ಎತ್ತರವೆಂದು ಹಿಡಿದರೆ, 70 ಕೆ.ಜಿ. ತೂಕದವರು ಒಮ್ಮೆ ಏದುಸಿರು ಬಿಡುತ್ತ ಹತ್ತಲು ತಗಲುವುದು 60–70 ಕ್ಯಾಲೊರಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ 120 ಕ್ಯಾಲೊರಿ ಇದೆ. ಇನ್ನು ಹೊಸಪೇಟೆಯ ಬೆಳಗಿನ ಒಗ್ಗರಣೆ-ಮಿರ್ಚಿಯ ತಟ್ಟೆ ನೋಡಿ. ನೆನೆಸಿ ಹಿಂಡಿದ ಮಂಡಕ್ಕಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಮೇಲೆ ಉದುರಿಸಿದ ಪುಟಾಣಿ ಹಿಟ್ಟು: ಇದರಲ್ಲಿ ಅಂಥ ದೋಷವೇನಿಲ್ಲ. ಪಕ್ಕದ ಎರಡು ಮಿರ್ಚಿ ಪೇಪರಿನ ಮೇಲೆ ಬಿಡುವ ಎಣ್ಣೆಯ ಕಲೆ ಮಾತ್ರ ಬೆಟ್ಟ ಹತ್ತಿದ ಪುಣ್ಯ ಎಲ್ಲಿ ಹೋಯಿತೆಂದು ಹೇಳುತ್ತದೆ. ತೂಕ ಇಳಿಯುವುದು ಹೆಚ್ಚಾಗಿ ತಟ್ಟೆಯಿಂದ. ಇಳಿದದ್ದು ಮರಳಿ ಏರದಂತೆ ನೋಡಿಕೊಳ್ಳಲು ನಡಿಗೆ ಬೇಕು.

ಪಥ್ಯ ಶುರು ಮಾಡಿದವರ ಉತ್ಸಾಹ ಸಾಮಾನ್ಯವಾಗಿ ಕೆಲವು ತಿಂಗಳಲ್ಲೇ ಕುಸಿಯುತ್ತದೆ. ಮೊದಲ ವಾರಗಳಲ್ಲಿ ಮುಳ್ಳು ಸರಸರ ಇಳಿದಿರುತ್ತದೆ. ಅದರಲ್ಲಿ ಬಹುಪಾಲು ನೀರು. ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೊಜೆನ್ ಪ್ರತಿ ಗ್ರಾಮಿಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಊಟ ಕಡಿಮೆಯಾದೊಡನೆ ಎರಡೂ ಒಟ್ಟಿಗೆ ಖಾಲಿ. ಕೊಬ್ಬು ಅಷ್ಟು ಸುಲಭಕ್ಕೆ ಕರಗದು. ಒಂದು ಕೆ.ಜಿ. ಕೊಬ್ಬೆಂದರೆ ಸುಮಾರು 7,700 ಕ್ಯಾಲೊರಿ. ದಿನಕ್ಕೆ 500 ಕ್ಯಾಲೊರಿ ಕಡಿಮೆ ಮಾಡಿದರೂ ಎರಡು ವಾರ ಬೇಕು.

ಅಷ್ಟರಲ್ಲಿ ದೇಹ ಎದುರು ನಿಲ್ಲುತ್ತದೆ. ಕೊಬ್ಬಿನ ಕೋಶಗಳು ‘ದಾಸ್ತಾನು ಸಾಕಷ್ಟಿದೆ’ ಎಂದು ಮಿದುಳಿಗೆ ತಿಳಿಸುವ ಹಾರ್ಮೋನು ಲೆಪ್ಟಿನ್. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ತಂಡ ಅದನ್ನು ಪತ್ತೆಹಚ್ಚಿತು. ಕೊಬ್ಬು ಕರಗಿದಂತೆ ಲೆಪ್ಟಿನ್ ಇಳಿದು, ಹಸಿವೆ ಹುಟ್ಟಿಸುವ ಗ್ರೆಲಿನ್ ಏರುತ್ತದೆ. 50 ಮಂದಿಯನ್ನು ಹತ್ತು ವಾರ ಕಟ್ಟುನಿಟ್ಟಿನ ಪಥ್ಯದಲ್ಲಿಟ್ಟ ಆಸ್ಟ್ರೇಲಿಯಾದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ವರ್ಷ ಕಳೆದರೂ ಅವರ ಹಸಿವೆಯ ಹಾರ್ಮೋನುಗಳು ಮೊದಲಿನ ಮಟ್ಟಕ್ಕೆ ಮರಳಿರಲಿಲ್ಲ. ಅಮೆರಿಕದ ‘ದಿ ಬಿಗ್ಗೆಸ್ಟ್ ಲೂಸರ್’ ಟಿ.ವಿ. ಸ್ಪರ್ಧೆಯ 14 ಮಂದಿಯನ್ನು ಆರು ವರ್ಷದ ನಂತರ ಪರೀಕ್ಷಿಸಿದ ಕೆವಿನ್ ಹಾಲ್ ತಂಡಕ್ಕೆ ಕಂಡದ್ದು ಇನ್ನೂ ವಿಚಿತ್ರ: ಸುಮ್ಮನೆ ಕೂತಾಗ ಅವರ ದೇಹ ದಿನಕ್ಕೆ ಖರ್ಚು ಮಾಡುತ್ತಿದ್ದುದು ನಿರೀಕ್ಷೆಗಿಂತ ಸುಮಾರು 500 ಕ್ಯಾಲೊರಿ ಕಡಿಮೆ. ಹಾಗಾಗಿ ‘ಬಾಯಿ ಕಟ್ಟಿದ್ರೂ ಇಳೀತಿಲ್ಲ’ ಎನ್ನುವವರನ್ನು ಕಳ್ಳತಿಂಡಿಯ ಅನುಮಾನದಿಂದ ನೋಡುವುದು ಅನ್ಯಾಯ.

ಮುಳ್ಳನ್ನೇ ನೆಚ್ಚಿದ ಉತ್ಸಾಹ ಮುಳ್ಳು ನಿಂತ ದಿನ ನಿಲ್ಲುತ್ತದೆ. ಅಭ್ಯಾಸ ಹಾಗಲ್ಲ. ಲಂಡನ್ನಿನಲ್ಲಿ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಗಮನಿಸಿದಾಗ, ಹೊಸ ರೂಢಿಯೊಂದು ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾದರೆ, ಇನ್ನು ಕೆಲವರಿಗೆ 254 ದಿನ ಬೇಕಾಗಬಹುದೆಂಬ ಅಂದಾಜು ಬಂತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವಾಗಲಿಲ್ಲ. ಸಂಡೂರಿನ ಮದುವೆಯಲ್ಲಿ ಹೋಳಿಗೆ ಉಂಡವರು ಮಾರನೆಯ ದಿನ ಎದ್ದು ನಡೆದರೆ ಆಯಿತು, ಮುಂದಿನ ಸೋಮವಾರಕ್ಕೋ ಯುಗಾದಿಗೋ ಕಾಯಬೇಕಿಲ್ಲ. ರೂಢಿ ಬೇರೂರುವುದು ಗೊತ್ತಾದ ಹೊತ್ತು, ಗೊತ್ತಾದ ಜಾಗಕ್ಕೆ ಅಂಟಿಕೊಂಡಾಗ. ರಾಯನಿಗೆ ನಸುಕು ಆ ಹೊತ್ತಾಗಿತ್ತು, ಜೊತೆಗೆ ಕುಸ್ತಿಗೆ ಸಿದ್ಧನಾಗಿ ನಿಂತ ಜಟ್ಟಿಯೊಬ್ಬನಿದ್ದ. ಕಾಯುವವರು ಇದ್ದಾಗ ಹಾಸಿಗೆ ಬಿಡುವುದು ಸುಲಭ.

ಹಂಪಿ-ಹೊಸಪೇಟೆಯ ಈ ಸೀಮೆಗೆ ಇದೆಲ್ಲ ದೂರದ ಮಾತಲ್ಲ. ತುಂಗಭದ್ರಾ ಕಾಲುವೆಯ ನೀರು ಹರಿದ ಮೇಲೆ ಜೋಳ ಬೆಳೆಯುತ್ತಿದ್ದ ಎಷ್ಟೋ ಹೊಲ ಭತ್ತದ ಗದ್ದೆಯಾಯಿತು, ರೊಟ್ಟಿಯ ಜಾಗಕ್ಕೆ ಅನ್ನ ಬಂತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಹತ್ತಕ್ಕೆ ಮೂವರದು ಹೆಚ್ಚಿನ ತೂಕ. ಅನ್ನ ತಿನ್ನುವ ಪಕ್ಕದ ನಾಡಿನಿಂದಲೇ ಒಂದು ಉಪಯುಕ್ತ ಸಂಗತಿ ಸಿಕ್ಕಿದೆ. ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ತಂಡ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 531 ಮಂದಿಯನ್ನು ಗುಂಪುಗಳಾಗಿ ಮಾಡಿ, ಒಂದು ಗುಂಪಿಗೆ ದಿನಾ ಅರ್ಧ ಗಂಟೆ ನಡಿಗೆ ಮತ್ತು ಮಿತವಾದ ಅನ್ನ, ಸಿಹಿ, ಎಣ್ಣೆಯ ಸಲಹೆ ಕೊಟ್ಟಿತು. 2006ರಲ್ಲಿ ಫಲಿತಾಂಶ ಪ್ರಕಟವಾಯಿತು. ಮಾಮೂಲಿನಂತೆ ಇದ್ದವರಲ್ಲಿ ಮೂರು ವರ್ಷದೊಳಗೆ ಶೇ 55 ಮಂದಿಗೆ ಸಕ್ಕರೆ ಕಾಯಿಲೆ ಬಂದಿತ್ತು. ನಡೆದವರಲ್ಲಿ ಶೇ 39 ಮಂದಿಗೆ. ಹಾಗೆಂದು ನಡೆದವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ.