ನಿಲ್ಲಿಸಲು ಕಲಿತವನೇ ನಡೆಸಬಲ್ಲ

ಮನೆಯ ಫ್ಯಾನಿನ ಸ್ವಿಚ್ಚು ಆರಿಸಿ ನೋಡಿ. ರೆಕ್ಕೆಗಳು ಕೂಡಲೇ ನಿಲ್ಲುತ್ತವೆಯೇ? ಇಲ್ಲ. ಇನ್ನೂ ಹಲವು ಸುತ್ತು ತಿರುಗಿ, ಆಮೇಲೆ ನಿಲ್ಲುತ್ತವೆ. ಇದಕ್ಕೆ ಜಡತ್ವವೆಂದು ಹೆಸರು. ನಮ್ಮ ಮಕ್ಕಳು ಇದರ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿ ಎರಡು ಅಂಕ ಗಳಿಸುತ್ತಾರೆ. ಆದರೆ ಇದೇ ಪಾಠ ಒಬ್ಬನ ಕಣ್ಣನ್ನು ಉಳಿಸಬಲ್ಲದೆಂದು ನನಗೆ ಮನದಟ್ಟಾದದ್ದು ಕೃತಕ ಹಲ್ಲು ತಯಾರಿಸುವ ಒಂದು ಲ್ಯಾಬಿನಲ್ಲಿ!

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿ ತಂತ್ರಜ್ಞ. ಪಿಯುಸಿ ವಿಜ್ಞಾನ ಮುಗಿಸಿ ಡೆಂಟಲ್ ಮೆಕ್ಯಾನಿಕ್ ತರಬೇತಿ ಪಡೆದವನು. ನನ್ನ ದವಡೆ ಹಲ್ಲಿನ ಕ್ಯಾಪ್ ತಯಾರಾಗುವ ದಿನ, ‘ಬಂದು ನೋಡಿ ಸಾರ್’ ಎಂದು ಕರೆದ.

ಹಿಂದೆಲ್ಲ ಮೇಣದಲ್ಲಿ ಹಲ್ಲಿನ ರೂಪ ತಿದ್ದಿ, ಲೋಹ ಎರಕ ಹೊಯ್ದು ಕ್ಯಾಪ್ ಮಾಡುತ್ತಿದ್ದರು. ಈ ಕೆಲಸಕ್ಕೆ ಕಂಪ್ಯೂಟರ್ ಬಳಸುವ ದಾರಿಯನ್ನು 1970ರ ದಶಕದಲ್ಲಿ ಹುಡುಕಿದವರಲ್ಲಿ ಫ್ರಾನ್ಸಿನ ಫ್ರಾಂಸ್ವಾ ಡ್ಯುರೆ ಮೊದಲಿಗರು. 1985ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ವಿಶ್ವವಿದ್ಯಾಲಯದಲ್ಲಿ ವರ್ನರ್ ಮೋರ್ಮನ್, ಯಂತ್ರ ಕೊರೆದುಕೊಟ್ಟ ಪಿಂಗಾಣಿ ತುಂಡನ್ನು ರೋಗಿಯ ಹಲ್ಲಿಗೆ ಕೂರಿಸಿದರು. ಈಗ ಇಂಥ ಮಿಲ್ಲಿಂಗ್ ಯಂತ್ರಗಳು ನಮ್ಮ ಊರುಗಳಿಗೂ ಬಂದಿವೆ.

ಯಂತ್ರದ ಪೆಟ್ಟಿಗೆಯೊಳಗೆ ಸುಮಾರು ಹತ್ತು ಸೆಂಟಿಮೀಟರ್ ಅಗಲದ ಜಿರ್ಕೋನಿಯಾ ಬಿಲ್ಲೆಯನ್ನು ಬಿಗಿದಿರುತ್ತಾರೆ. ಈ ಹಂತದಲ್ಲಿ ಅದು ಸೀಮೆಸುಣ್ಣದಷ್ಟೇ ಮೆದು. ಕೊರೆದ ಹಲ್ಲನ್ನು ಸುಮಾರು 1500 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಕುಲುಮೆಯಲ್ಲಿ ಸುಟ್ಟಾಗ ಗಟ್ಟಿಯಾಗುತ್ತದೆ, ಜೊತೆಗೆ ಶೇಕಡಾ 20ರಷ್ಟು ಕುಗ್ಗುತ್ತದೆ. ಆದ್ದರಿಂದ ಹಲ್ಲನ್ನು ಅಳತೆಗಿಂತ ದೊಡ್ಡದಾಗಿಯೇ ಕೊರೆಯಬೇಕು. ಎಷ್ಟು ದೊಡ್ಡದು ಎಂಬ ಸಂಖ್ಯೆ ಬಿಲ್ಲೆಯ ಮೇಲೆಯೇ ಇರುತ್ತದೆ. ಅದನ್ನು ತಪ್ಪಾಗಿ ಕೊಟ್ಟರೆ ಕ್ಯಾಪ್ ಬಾಯಿಯಲ್ಲಿ ಕೂರುವುದೇ ಇಲ್ಲ.

ಕೊರೆಯುವ ಸಣ್ಣ ಉಳಿಗೆ ‘ಬರ್’ ಎನ್ನುತ್ತಾರೆ. ಕೆಲವು ಯಂತ್ರಗಳಲ್ಲಿ ಅದು ನಿಮಿಷಕ್ಕೆ 60,000 ಸುತ್ತು, ಅಂದರೆ ಸೆಕೆಂಡಿಗೆ ಸಾವಿರ ಸುತ್ತು ತಿರುಗುತ್ತದೆ. ಎರಡು ಮಿಲಿಮೀಟರ್ ದಪ್ಪದ ಬರ್‌ನ ಅಂಚು ಸೆಕೆಂಡಿಗೆ ಆರು ಮೀಟರಿಗೂ ಹೆಚ್ಚು ವೇಗದಲ್ಲಿ ಓಡುತ್ತದೆ. ವೇಗ ಎರಡು ಪಟ್ಟಾದರೆ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆಂಬ ಸೂತ್ರ ನೆನಪಿದೆಯಲ್ಲವೇ? ಮುರಿದ ಚೂರೊಂದು ಸಿಡಿದರೆ ಏನಾದೀತೆಂದು ನೀವೇ ಊಹಿಸಿ.

ಹುಡುಗ ಗುಂಡಿ ಒತ್ತುವ ಮೊದಲು ಅವಸರ ಮಾಡಲಿಲ್ಲ. ಬಿಲ್ಲೆ ಬಿಗಿಯಾಗಿದೆಯೇ, ಬರ್ ಸವೆದಿದೆಯೇ, ಧೂಳು ಹೀರುವ ಯಂತ್ರ ನಡೆಯುತ್ತಿದೆಯೇ, ಬಾಗಿಲು ಮುಚ್ಚಿದೆಯೇ ಎಂದು ಒಂದೊಂದಾಗಿ ನೋಡಿದ. ಜಾಬ್ ಆರಂಭಿಸಿದ ಮೇಲೂ ಮೊದಲ ಕೆಲವು ನಿಮಿಷ ಕದಲದೆ ನಿಂತು ಸದ್ದು ಆಲಿಸಿದ. ‘ಸದ್ದು ಬದಲಾದರೆ ಏನೋ ಕೆಟ್ಟಿದೆ ಅಂತ ಅರ್ಥ ಸಾರ್’ ಎಂದ.

‘ಕೆಟ್ಟರೆ ಏನು ಮಾಡುತ್ತೀಯ? ಪ್ಲಗ್ ಕೀಳುತ್ತೀಯಾ?’ ಎಂದೆ. ಅವನು ನಕ್ಕ. ಮೇಷ್ಟರು ಪೆದ್ದು ಪ್ರಶ್ನೆ ಕೇಳಿದ್ದರು!

ನಿಲ್ಲಿಸುವುದರಲ್ಲಿ ಮೂರು ಬಗೆ. ಮೊದಲನೆಯದು ‘ಪಾಸ್’, ಅಂದರೆ ತಾತ್ಕಾಲಿಕ ತಡೆ. ಯಂತ್ರ ತಾನಿದ್ದ ಸ್ಥಳವನ್ನು ನೆನಪಿಟ್ಟುಕೊಳ್ಳುತ್ತದೆ, ಅಲ್ಲಿಂದಲೇ ಮುಂದುವರಿಸಬಹುದು. ಎರಡನೆಯದು ‘ಸ್ಟಾಪ್’. ಇದು ಆ ಜಾಬನ್ನೇ ಕೈಬಿಟ್ಟಂತೆ. ಬಿಲ್ಲೆಯ ಆ ಭಾಗ ವ್ಯರ್ಥವಾಗಬಹುದು. ಮೂರನೆಯದು ಅಣಬೆಯಾಕಾರದ ಕೆಂಪು ತುರ್ತು ಗುಂಡಿ. ಕೈಗೋ ಕಣ್ಣಿಗೋ ಅಪಾಯವೆನಿಸಿದ ಕ್ಷಣದಲ್ಲಿ ಬಿಲ್ಲೆಯ ಬೆಲೆ ಲೆಕ್ಕ ಹಾಕದೆ ಅದನ್ನು ಒತ್ತಬೇಕು. ಒತ್ತಿದ್ದು ಒಳಗೇ ಸಿಕ್ಕಿಕೊಳ್ಳುತ್ತದೆ. ಬಿಡಿಸಿದ ಮಾತ್ರಕ್ಕೆ ಯಂತ್ರ ತಾನಾಗಿ ಹೊರಡಬಾರದು ಎಂಬುದೇ ಅದರ ನಿಯಮ. ಪ್ಲಗ್ ಕಿತ್ತರಾದರೋ, ಉಳಿ ಬಿಲ್ಲೆಯೊಳಗೇ ಸಿಕ್ಕಿಬೀಳಬಹುದು, ಯಂತ್ರ ತಾನಿದ್ದ ಸ್ಥಳವನ್ನು ಮರೆಯಬಹುದು.

ಯಾವ ಬಗೆಯಲ್ಲಿ ನಿಲ್ಲಿಸಿದರೂ, ತಿರುಗುವುದು ಪೂರ್ತಿ ನಿಲ್ಲುವ ತನಕ ಬಾಗಿಲು ತೆರೆಯಕೂಡದು. ಇಲ್ಲಿಗೆ ಬಂದಾಗ ಹುಡುಗ ತನ್ನ ಕನ್ನಡಕ ತೆಗೆದು ತೋರಿಸಿದ. ಗಾಜಿನ ಮೇಲೊಂದು ಗೀರು. ಅವನು ಮೊದಲು ದುಡಿದ ಕಡೆ, ಬಾಗಿಲು ತೆರೆದರೆ ಯಂತ್ರ ನಿಲ್ಲಿಸುವ ಸೆನ್ಸರನ್ನು ‘ಕೆಲಸ ಬೇಗ ಆಗಲಿ’ ಎಂದು ನಿಷ್ಕ್ರಿಯಗೊಳಿಸಿದ್ದರಂತೆ. ಒಂದು ಸಂಜೆ ಬರ್ ಕಿರುಚಿತು. ಇವನು ಸ್ಟಾಪ್ ಒತ್ತಿ, ಒತ್ತಿದ ಕೈಯಲ್ಲೇ ಬಾಗಿಲು ತೆರೆದ. ಇನ್ನೂ ತಿರುಗುತ್ತಿದ್ದ ಬರ್ ಮುರಿದು, ಚೂರು ಕಣ್ಣಿನ ನೇರಕ್ಕೇ ಬಂದು ಬಡಿಯಿತು. ‘ಜಡತ್ವ ಸಾರ್. ನೀವು ಹೇಳಿಕೊಟ್ಟಿದ್ದಿರಿ, ನಾನು ಬರೆದು ಪಾಸಾಗಿದ್ದೆ ಅಷ್ಟೆ’ ಎಂದ. ನನಗೆ ಮಾತು ಹೊರಡಲಿಲ್ಲ. ಕಲಿಸಿದ್ದೆ ನಿಜ, ಫ್ಯಾನು ತೋರಿಸಿ ಕಲಿಸಿರಲಿಲ್ಲ.

ನಿಂತ ಮೇಲೂ ಶಿಸ್ತು ಉಂಟು. ಧೂಳು ಅಡಗಲು ಸ್ವಲ್ಪ ಹೊತ್ತು ಬಿಡಬೇಕು. ಮೂಗಿಗೆ ಮಾಸ್ಕ್ ಧರಿಸಿ ಧೂಳನ್ನು ಹೀರಿ ತೆಗೆಯಬೇಕೇ ಹೊರತು ಊದಿ ಎಬ್ಬಿಸಬಾರದು. ಆ ನುಣುಪು ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ನಿಂತ ಕಾರಣ ತಿಳಿಯಬೇಕು. ಬರ್ ಬದಲಿಸಿದರೆ ಅದರ ಉದ್ದವನ್ನು ಯಂತ್ರ ಮತ್ತೆ ಅಳೆಯಬೇಕು. ಆಮೇಲಷ್ಟೇ ಪುನರಾರಂಭ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ತಂದೆತಾಯಿಗಳೇ, ನಿಮ್ಮ ಮಗ ಅಥವಾ ಮಗಳು ಇಂಥ ಕೆಲಸಕ್ಕೆ ಸೇರಿದರೆ ಸಂಬಳ ಎಷ್ಟೆಂದು ಕೇಳುವಿರಿ, ಕೇಳಿ. ಅದರ ಜೊತೆಗೆ ಇನ್ನೊಂದು ಮಾತನ್ನೂ ಕೇಳಿ: ‘ಆ ಯಂತ್ರವನ್ನು ನಿಲ್ಲಿಸುವುದು ಹೇಗೆಂದು ಮೊದಲ ದಿನವೇ ತೋರಿಸಿದರೇ?’