ಗುಜರಿಯ ಸೂಪರ್‌ಚಾರ್ಜರ್ ಕೊಳ್ಳಬಹುದೇ?

ಪ್ರಶ್ನೆ: ಹ್ಯೂಸ್ಟನ್‌ನಲ್ಲಿದ್ದೇನೆ. ಹಳೆಯ ಕಾರಿನ ಎಂಜಿನ್‌ಗೆ ಕಡಿಮೆ ಖರ್ಚಿನಲ್ಲಿ ಸೂಪರ್‌ಚಾರ್ಜರ್ ಕೂರಿಸುವ ಆಸೆ. ಯಾವುದನ್ನು ಆರಿಸಲಿ?

ಉತ್ತರ: ವಿ6 ಎಂಜಿನ್ ಆಗಿದ್ದರೆ ಈಟನ್ ಎಂ90 ಹುಡುಕಿ. ಪಾಂಟಿಯಾಕ್ ಗ್ರ್ಯಾಂಡ್ ಪ್ರಿ ಜಿಟಿಪಿ, ಬ್ಯೂಯಿಕ್ ರೀಗಲ್ ಜಿಎಸ್ ಕಾರುಗಳ 3.8 ಲೀಟರ್ ಎಂಜಿನ್ ಮೇಲೆ ಕಂಪನಿಯೇ ಇದನ್ನು ಕೂರಿಸಿತ್ತು. ಹಾಗಾಗಿ ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಸುತ್ತಲಿನ ಗುಜರಿಗಳಲ್ಲಿ ಹುಡುಕುವುದು ಲೇಸು. 90 ಎಂದರೆ ಒಂದು ಸುತ್ತಿಗೆ 90 ಘನ ಇಂಚು, ಸುಮಾರು ಒಂದೂವರೆ ಲೀಟರ್ ಗಾಳಿ. ಚಿಕ್ಕ ನಾಲ್ಕು ಸಿಲಿಂಡರ್ ಎಂಜಿನ್‌ಗೆ ಇದು ಅತಿಯಾಯಿತು. ಮಿನಿ ಕೂಪರ್ ಎಸ್‌ನಲ್ಲಿದ್ದ ಎಂ45 ಸಾಕು.

ದುಡ್ಡು ಕೊಡುವ ಮುನ್ನ ಪುಲ್ಲಿಯನ್ನು ಕೈಯಿಂದ ತಿರುಗಿಸಿ ನೋಡಿ. ನುಣ್ಣಗೆ ತಿರುಗಬೇಕು. ಗರಗರ ಸದ್ದು ಬಂದರೆ ಬೇರಿಂಗ್ ಹೋಗಿದೆ. ಗಾಳಿಯ ಬಾಯಲ್ಲಿ ಟಾರ್ಚ್ ಬಿಟ್ಟು ನೋಡಿ. ರೋಟರ್‌ಗಳ ಲೇಪನ ಕಿತ್ತಿದ್ದರೆ, ಗೀರು ಬಿದ್ದಿದ್ದರೆ ಬಿಟ್ಟುಬಿಡಿ.

ನಿಜವಾದ ಖರ್ಚು ಆಮೇಲಿನದು. ಗಾಳಿ ಹೆಚ್ಚಾದಷ್ಟೂ ಪೆಟ್ರೋಲ್ ಹೆಚ್ಚಬೇಕು: ದೊಡ್ಡ ಇಂಜೆಕ್ಟರ್, ಸರಿಯಾದ ಟ್ಯೂನಿಂಗ್ ಬೇಕೇ ಬೇಕು. ಒತ್ತಿದ ಗಾಳಿ ಕಾಯುತ್ತದೆ. ಟೆಕ್ಸಾಸ್ ಬೇಸಿಗೆಯಲ್ಲಂತೂ ಕೇಳುವುದೇ ಬೇಡ. ಕಾವು ಮಿತಿಮೀರಿದರೆ ಎಂಜಿನ್ ಬಡಿದುಕೊಂಡು ಪಿಸ್ಟನ್ನೇ ಒಡೆಯಬಹುದು. ಕಂಪ್ರೆಷನ್ ಕಡಿಮೆಯಿರುವ ಎಂಜಿನ್, 93 ಆಕ್ಟೇನ್ ಪೆಟ್ರೋಲ್, ಸಾಧ್ಯವಾದರೆ ಗಾಳಿ ತಣಿಸುವ ಇಂಟರ್‌ಕೂಲರ್, ಇವುಗಳಲ್ಲಿ ಜಿಪುಣತನ ಬೇಡ.

2025ರಿಂದ ಟೆಕ್ಸಾಸ್‌ನಲ್ಲಿ ಖಾಸಗಿ ಕಾರುಗಳಿಗೆ ಸುರಕ್ಷತಾ ತಪಾಸಣೆ ಇಲ್ಲ. ಆದರೆ ಈ ಮೂರೂ ನಗರಗಳ ಕೌಂಟಿಗಳಲ್ಲಿ 2ರಿಂದ 24 ವರ್ಷದ ಪೆಟ್ರೋಲ್ ಕಾರುಗಳಿಗೆ ಹೊಗೆ ಪರೀಕ್ಷೆ ಉಳಿದಿದೆ. ಬಿಡಿಭಾಗ ಕೊಳ್ಳುವ ಮೊದಲೇ ಸೂಪರ್‌ಚಾರ್ಜರ್ ಕೂರಿಸಿದ ಕಾರು ಅದರಲ್ಲಿ ಪಾಸಾಗುತ್ತದೆಯೇ ಎಂದು ವಿಚಾರಿಸಿಕೊಳ್ಳಿ.